ಅಗ್ಗದ ಚಾಕು, ಅಸಲಿ ಹದ

ಚಾಕು ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಅಲಗಿನ ಬಾಯಿಗೆ ಹೆಬ್ಬೆರಳು ತಾಗಿಸಿ ನೋಡುವುದು. ‘ಪರವಾಗಿಲ್ಲ, ಹರಿತವಾಗಿದೆ’ ಎಂದು ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾರೆ. ಹೊಸ ಚಾಕು ಹರಿತವಾಗಿರುವುದು ದೊಡ್ಡ ಸಂಗತಿಯೇನಲ್ಲ. ಎಂಥ ಕಳಪೆ ತಗಡನ್ನೂ ಗ್ರೈಂಡರಿಗೆ ಸ್ವಲ್ಪ ಹೊತ್ತು ಹಿಡಿದರೆ ಕಾಗದ ಸೀಳುವಷ್ಟು ಬಾಯಿ ಬರುತ್ತದೆ. ನಾಲ್ಕು ದಿನ ತರಕಾರಿ ಹೆಚ್ಚಿದ ಮೇಲೆ ಆ ಬಾಯಿ ಎಷ್ಟು ಉಳಿದಿದೆ, ಮೊಂಡಾದರೆ ಕಲ್ಲಿನ ಮೇಲೆ ಎಷ್ಟು ಬೇಗ ಮರಳಿ ಬರುತ್ತದೆ, ಮಡಚುವ ಕೀಲು ಇನ್ನೂ ಬಿಗಿಯಾಗಿದೆಯೇ – ಇವು ನೋಡಬೇಕಾದ ವಿಷಯ. ಇವುಗಳಲ್ಲಿ ಬಹುಪಾಲನ್ನು ಅಂಗಡಿಯಲ್ಲೇ ಅಂದಾಜು ಮಾಡಬಹುದು, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ.

ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸಿ ನಿವೃತ್ತನಾದವನು. ಅರ ಹಿಡಿಯುವುದು, ಉಳಿಗೆ ಹದ ಕೊಡುವುದು, ರಿವೆಟ್ ಬಡಿಯುವುದು – ಹುಡುಗರಿಗೆ ಹೇಳಿಕೊಟ್ಟದ್ದೆಲ್ಲ ಇಂಥವೇ. ಹಾಗಾಗಿ ಯಾರಾದರೂ ಚಾಕು ಕೈಗಿತ್ತರೆ ಬೆಲೆ ಕೇಳುವ ಮೊದಲು ಅದರ ಕೀಲು ನೋಡುತ್ತೇನೆ. ಅಗ್ಗದ ವಸ್ತುಗಳೆಲ್ಲ ಒಂದೇ ಜಾತಿ ಎಂದು ನಾನು ಒಪ್ಪುವುದಿಲ್ಲ. ಒಬ್ಬ ತಯಾರಕ ಬಿಡಿಭಾಗಗಳನ್ನು ಕಡಿಮೆ ಮಾಡಿ ದುಡ್ಡು ಉಳಿಸುತ್ತಾನೆ. ಇನ್ನೊಬ್ಬ ಭಾಗಗಳನ್ನೆಲ್ಲ ಇಟ್ಟು, ಹೊಳಪನ್ನೂ ಕೊಟ್ಟು, ಉಕ್ಕಿನಲ್ಲಿ ಉಳಿಸುತ್ತಾನೆ. ಮೊದಲನೆಯವನ ಚಾಕು ಮೊಮ್ಮಕ್ಕಳ ಕಾಲಕ್ಕೂ ಬರಬಹುದು. ಎರಡನೆಯವನದು ಮುಂದಿನ ಸಂತೆಯವರೆಗೆ ಬಂದರೆ ಹೆಚ್ಚು.

ಮೊದಲನೆಯ ಜಾತಿಗೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಫ್ರಾನ್ಸಿನ ಒಪಿನೆಲ್. ಮಗಳು ಲಿಯಾನ್‌ನಲ್ಲಿದ್ದಾಳೆ. ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಸಂತೆಗಳಲ್ಲಿ ಇದು ಸೌಟು, ಸುತ್ತಿಗೆಗಳ ಪಕ್ಕದಲ್ಲೇ ತೂಗಾಡುತ್ತಿರುತ್ತದಂತೆ. ಹತ್ತು-ಹದಿನೈದು ಯೂರೋ ಕೊಟ್ಟರೆ ಸಿಗುವ ಚಾಕು. ‘ಅಪ್ಪಾ, ಇದರಲ್ಲಿ ಸ್ಪ್ರಿಂಗೇ ಇಲ್ಲ ನೋಡಿ’ ಎಂದು ಅವಳು ಕೈಗಿತ್ತಾಗ ಬಿಡಿಸಿ, ಮಡಚಿ, ಬೆಳಕಿಗೆ ಹಿಡಿದು ನೋಡಿದೆ. ಒಟ್ಟು ಐದೇ ಭಾಗ: ಅಲಗು, ಬೀಚ್ ಮರದ ಹಿಡಿ, ಒಂದು ರಿವೆಟ್, ಹಿಡಿಯ ಕುತ್ತಿಗೆಗೆ ಬಿಗಿದ ಉಕ್ಕಿನ ಪಟ್ಟಿ, ಅದರ ಮೇಲೆ ತಿರುಗುವ ಬಳೆ. ಹಿಡಿಯೊಳಗೆ ಲೋಹದ ಅಸ್ತರಿಯೂ ಇಲ್ಲ. ಗರಗಸ ಹಾಕಿ ತೆಗೆದ ಒಂದು ಗಾಡಿ, ಅಂದರೆ ಉದ್ದನೆಯ ಸೀಳು, ಅದರೊಳಗೆ ಅಲಗು, ಅಷ್ಟೇ.

ಇದನ್ನು ರೂಪಿಸಿದ ಜೋಸೆಫ್ ಒಪಿನೆಲ್ 1872ರಲ್ಲಿ ಹುಟ್ಟಿದವನು. ಆಲ್ಪ್ಸ್ ಪರ್ವತದ ಸವೊವಾ ಪ್ರಾಂತ್ಯದಲ್ಲಿ, ಮೋರಿಯೆನ್ ಕಣಿವೆಯ ಹಳ್ಳಿಯೊಂದರಲ್ಲಿ ಅವನ ಮನೆಯವರು ಕುಲುಮೆ ಇಟ್ಟುಕೊಂಡು ಕೊಡಲಿ, ಕುಡುಗೋಲು ಮಾಡುತ್ತಿದ್ದರು. ಹುಡುಗನಿಗೆ ಯಂತ್ರಗಳ ಹುಚ್ಚು. 1890ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಈ ಮಡಚುವ ಚಾಕುವಿಗೆ ರೂಪ ಕೊಟ್ಟ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ನಂಬರ್ ಹಾಕಿ ಹನ್ನೆರಡು ಅಳತೆಗಳಲ್ಲಿ ಮಾರಾಟಕ್ಕಿಟ್ಟ. 1 ಮತ್ತು 11ನೇ ನಂಬರು ಮುಂದೆ 1930ರ ದಶಕದಲ್ಲಿ ನಿಂತುಹೋದವು. ಎಲ್ಲರೂ ಕೊಳ್ಳುವುದು ನಂಬರ್ 8 – ಅಲಗು ಎಂಟೂವರೆ ಸೆಂಟಿಮೀಟರ್, ತೂಕ ಐವತ್ತು ಗ್ರಾಂ ಒಳಗೆ. ಹಿಡಿಗೆ ಗಾಡಿ ತೆಗೆಯುವ ಯಂತ್ರವನ್ನೂ ಅವನೇ ಕಟ್ಟಿದ ಎಂಬುದು ನನಗೆ ಚಾಕುವಿಗಿಂತ ಹೆಚ್ಚು ಖುಷಿ ಕೊಟ್ಟ ವಿಷಯ. ಚಾಕು ಅಗ್ಗವಾದದ್ದು ಆ ಯಂತ್ರದಿಂದ, ಉಕ್ಕನ್ನು ಕೆಡಿಸಿ ಅಲ್ಲ.

1985ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇದನ್ನು ಪೋರ್ಷೆ ಕಾರು, ರೋಲೆಕ್ಸ್ ವಾಚುಗಳ ಸಾಲಿನಲ್ಲಿ ಉತ್ತಮ ವಿನ್ಯಾಸದ ವಸ್ತು ಎಂದು ಆರಿಸಿತು. ಇರಲಿ. ಮ್ಯೂಸಿಯಂನವರು ಈರುಳ್ಳಿ ಹೆಚ್ಚಿ ನೋಡುವುದಿಲ್ಲ.

ಈಗ ನೋಡುವ ಕ್ರಮಕ್ಕೆ ಬರೋಣ. ಮೊದಲು ಅಲಗಿನ ದಪ್ಪ. ಚಾಕುವನ್ನು ಬಿಡಿಸಿ, ಮೊನೆ ನಿಮ್ಮ ಕಣ್ಣಿನ ಕಡೆ ಬರುವಂತೆ ಹಿಡಿದು ಬೆನ್ನಿನಿಂದ ಬಾಯಿಯವರೆಗೆ ನೋಡಿ. ಒಳ್ಳೆಯ ಅಲಗು ಬೆನ್ನಿನಿಂದಲೇ ತೆಳ್ಳಗಾಗುತ್ತಾ ಬಂದು ಬಾಯಿಯ ಹತ್ತಿರ ಕಾಗದದಂತಾಗಿರುತ್ತದೆ. ಕಳಪೆ ಚಾಕುವಿನಲ್ಲಿ ತಗಡು ಕೆಳಗಿನವರೆಗೂ ಒಂದೇ ದಪ್ಪ ಇದ್ದು, ಕೊನೆಗೆ ಎರಡೂ ಕಡೆ ಕಡಿದಾಗಿ ಸವೆದು ಬಾಯಿ ಮಾಡಿರುತ್ತಾರೆ. ಕಣ್ಣಿಗೆ ಇದು ಗಟ್ಟಿಮುಟ್ಟಾಗಿ ಕಾಣುತ್ತದೆ. ಕ್ಯಾರೆಟ್ ಮೇಲೆ ಇಟ್ಟರೆ ಗುಟ್ಟು ಬಯಲು: ಕತ್ತರಿಸುವ ಬದಲು ‘ಟಪ್’ ಎಂದು ಸೀಳಿ ಒಡೆಯುತ್ತದೆ. ಒಪಿನೆಲ್ ಅಲಗು ತೆಳು, ಎರಡೂ ಮೈ ತುಸು ಉಬ್ಬಿಕೊಂಡು ಬಾಯಿಗೆ ಇಳಿಯುತ್ತದೆ. ನೋಡಿದವರು ‘ಏನು ಮೇಷ್ಟ್ರೇ, ಇಷ್ಟು ತೆಳ್ಳಗೆ, ಬಗ್ಗೋದಿಲ್ವಾ?’ ಎನ್ನುತ್ತಾರೆ. ಚಾಕು ಇರುವುದು ಕತ್ತರಿಸಲು, ಡಬ್ಬದ ಮುಚ್ಚಳ ಮೀಟಲು ಅಲ್ಲ.

ಹಾಗೆಯೇ ಬಾಯಿಯನ್ನು ಮೇಲಕ್ಕೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಹರಿತವಾದ ಬಾಯಿ ಕಾಣುವುದಿಲ್ಲ. ಎಲ್ಲಾದರೂ ಬಿಳಿ ಚುಕ್ಕೆ, ಬಿಳಿ ಗೆರೆ ಮಿನುಗಿದರೆ ಅಲ್ಲಿ ಮೊಂಡು ಇದೆ ಅಥವಾ ಬರ್ (ಸವೆಯುವಾಗ ಎದ್ದ ಲೋಹದ ಸಣ್ಣ ಅಂಚು) ಉಳಿದಿದೆ ಎಂದರ್ಥ. ಇದು ಹೊಸ ಒಪಿನೆಲ್‌ಗಳಲ್ಲೂ ಕಾಣುವಂಥದ್ದೇ. ಸಾಣೆ ಕಲ್ಲಿನ ಮೇಲೆ ಹತ್ತು ಎಳೆತಕ್ಕೆ ಹೋಗುವ ದೋಷವನ್ನು ನಾನು ದೋಷವೆಂದು ಎಣಿಸುವುದಿಲ್ಲ. ಆದರೆ ಬಾಯಿಯ ಗೆರೆಯೇ ಅಲೆಅಲೆಯಾಗಿದ್ದರೆ, ಮೊನೆ ಒಂದು ಕಡೆ ವಾಲಿದ್ದರೆ ಅದು ಬೇರೆ ಮಾತು. ಹದ ಕೊಡುವಾಗ ತಿರುಚಿಕೊಂಡ ಅಲಗನ್ನು ನೆಟ್ಟಗೆ ಮಾಡದೆ ಹಾಗೇ ಸವೆದಿದ್ದಾರೆ. ವಾಪಸ್ ಇಡಿ.

ಇನ್ನು ಹದ. ಅಂಗಡಿಯಲ್ಲಿ ಕಣ್ಣಿಗೆ ಕಾಣದ್ದು ಇದೊಂದೇ, ಚಾಕುವಿನ ಜೀವ ಇರುವುದೂ ಇದರಲ್ಲೇ. ಉಕ್ಕನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿದರೆ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಆಮೇಲೆ ಇನ್ನೂರು ಡಿಗ್ರಿ ಆಸುಪಾಸಿನಲ್ಲಿ ಮತ್ತೊಮ್ಮೆ ಕಾಯಿಸಿ ಆ ಪೆಡಸುತನವನ್ನು ಇಳಿಸಬೇಕು. ಕಡಿಮೆ ಇಳಿಸಿದರೆ ಬಾಯಿ ಚಕ್ಕೆ ಏಳುತ್ತದೆ, ಹೆಚ್ಚು ಇಳಿಸಿದರೆ ಮಡಚಿಕೊಳ್ಳುತ್ತದೆ. ಒಪಿನೆಲ್‌ನ ಕಾರ್ಬನ್ ಅಲಗಿನಲ್ಲಿ ಕಾರ್ಬನ್ ಪ್ರಮಾಣ ಶೇ. 0.9ರಷ್ಟಿದೆ. ಹದಕ್ಕೆ ಚೆನ್ನಾಗಿ ಬರುವ, ಕಲ್ಲಿಗೆ ಬೇಗ ಒಲಿಯುವ ಸಾದಾ ಉಕ್ಕು. ಸ್ಟೇನ್‌ಲೆಸ್ ಅಲಗಿಗೆ ಸ್ಯಾಂಡ್‌ವಿಕ್ ಕಂಪನಿ ಚಾಕುವಿಗೆಂದೇ ರೂಪಿಸಿದ 12ಸಿ27ಎಂ ಎಂಬ ಉಕ್ಕು.

ಸಂತೆಯ ಚಾಕುವಿನ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಬರೆದಿದ್ದರೆ ಬಹಳ ಜನ ಖುಷಿಪಡುತ್ತಾರೆ. ನಮ್ಮ ಊಟದ ತಟ್ಟೆಯೂ ಸ್ಟೇನ್‌ಲೆಸ್ಸೇ. ಅದನ್ನು ಎಷ್ಟು ಕಾಯಿಸಿ ಎಷ್ಟು ಅದ್ದಿದರೂ ಗಟ್ಟಿಯಾಗುವುದಿಲ್ಲ, ಆ ಜಾತಿಯ ಉಕ್ಕಿಗೆ ಆ ಗುಣವೇ ಇಲ್ಲ. ಒಂದು ಪುಟ್ಟ ಅಯಸ್ಕಾಂತ ಜೇಬಿನಲ್ಲಿದ್ದರೆ ಒರಟು ಪರೀಕ್ಷೆ ಮಾಡಬಹುದು: ಹದ ಹಿಡಿಯುವ ಚಾಕುವಿನ ಉಕ್ಕಿಗೆ ಅದು ಅಂಟಿಕೊಳ್ಳುತ್ತದೆ. ಅಂಟಿದ್ದೆಲ್ಲ ಒಳ್ಳೆಯದಲ್ಲ, ಆದರೆ ಅಂಟದ ಅಲಗನ್ನು ಕೊಳ್ಳುವ ಅಗತ್ಯವೇ ಇಲ್ಲ.

ಮನೆಗೆ ತಂದ ಮೇಲೆ ನನ್ನ ಪರೀಕ್ಷೆ ಅರದ್ದು. ಅಲಗಿನ ಬುಡದಲ್ಲಿ, ಯಾರಿಗೂ ಕಾಣದ ಕಡೆ, ಹೊಸ ನಯ ಅರದ ಮೂಲೆಯನ್ನು ಮೆಲ್ಲಗೆ ತಳ್ಳುತ್ತೇನೆ. ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ಉಕ್ಕು ಮೆತ್ತಗಿದೆ. ಕಿರುಗುಟ್ಟಿ ಜಾರುತ್ತಾ, ಒತ್ತಿದರೆ ಮಾತ್ರ ಚೂರು ಕಚ್ಚಿದರೆ ಹದ ಸರಿಯಾಗಿದೆ. ಅರ ಕೈಗೆ ಬರದವರಿಗೆ ಹಿತ್ತಾಳೆ ಸರಳು ಇದೆ. ಬೆರಳಿಗಿಂತ ತೆಳ್ಳಗಿನ ಹಿತ್ತಾಳೆ ಸರಳನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಅಲಗನ್ನು ಸಾಣೆ ಹಿಡಿಯುವಷ್ಟೇ ಓರೆಯಲ್ಲಿ ಅದರ ಮೇಲಿಟ್ಟು ಒತ್ತಿ. ದೀಪದ ಬೆಳಕಿನಲ್ಲಿ ನೋಡಿದರೆ ಬಾಯಿಯ ಅಂಚು ಸರಳಿನ ಮೇಲೆ ಒಂದಿಷ್ಟು ಬಾಗುವುದು ಕಾಣುತ್ತದೆ. ಅಲಗನ್ನು ಎತ್ತಿದಾಗ ಅಂಚು ನೆಟ್ಟಗಾದರೆ ಸರಿ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗೆ, ಚಕ್ಕೆ ಎದ್ದರೆ ಪೆಡಸು. ಉಳಿ, ಕತ್ತಿ, ಚಾಕು ಎಲ್ಲವನ್ನೂ ಮಾಡುವವರು ನಂಬುವ ಪರೀಕ್ಷೆ ಇದು. ಯಂತ್ರ ಬೇಡ, ಕಣ್ಣು ಬೇಕು.

ಒಳ್ಳೆಯ ಹದವನ್ನು ಒಂದೇ ನಿಮಿಷದಲ್ಲಿ ಹಾಳು ಮಾಡುವ ವಿಧಾನವೂ ಇದೆ. ನಮ್ಮ ಬೀದಿಗೆ ಸೈಕಲ್ ಮೇಲೆ ಸಾಣೆ ಚಕ್ರ ಕಟ್ಟಿಕೊಂಡು ಬರುವ ಒಬ್ಬರಿದ್ದಾರೆ. ವಯಸ್ಸಾದವರು, ಕೈ ಪಳಗಿದೆ. ಪಕ್ಕದ ಮನೆಯಾಕೆ ‘ಬೇಗ ಮಾಡಿಕೊಡಪ್ಪಾ’ ಎಂದರೆ ಅವರು, ‘ಬೇಗ ಮಾಡಿದ್ರೆ ಬಾಯಿ ಸುಡ್ತದಮ್ಮಾ’ ಎಂದು ಅಲಗನ್ನು ಪದೇಪದೇ ನೀರಿಗೆ ಅದ್ದುತ್ತಾ ಚಕ್ರಕ್ಕೆ ಹಿಡಿಯುತ್ತಾರೆ. ಅವರು ಹೇಳಿದ್ದು ಪಾಠಪುಸ್ತಕದ ಮಾತು. ಒಣ ಚಕ್ರಕ್ಕೆ ಒತ್ತಿ ಹಿಡಿದರೆ ತೆಳ್ಳಗಿನ ಅಂಚು ಕ್ಷಣದಲ್ಲಿ ಕಾಯುತ್ತದೆ, ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ. ಅಂಚು ನೀಲಿಯಾಯಿತೆಂದರೆ ಅದು ಮುನ್ನೂರು ಡಿಗ್ರಿ ಮುಟ್ಟಿದೆ, ಅಷ್ಟು ಭಾಗದ ಹದ ಹೋಗಿದೆ. ಬಣ್ಣವನ್ನು ಉಜ್ಜಿ ತೆಗೆಯಬಹುದು, ಹದ ವಾಪಸ್ ಬರುವುದಿಲ್ಲ. ಮೆತ್ತಗಾದ ಉಕ್ಕನ್ನೆಲ್ಲ ಸವೆದು ಒಳಗಿನ ಗಟ್ಟಿ ಉಕ್ಕು ಸಿಗುವವರೆಗೂ ಆ ಚಾಕು ಹರಿತ ಹಿಡಿಯದು. ಅಂಗಡಿಯಲ್ಲಿ ಹೊಸ ಚಾಕುವಿನ ಬಾಯಿಯ ಮೇಲೆ, ವಿಶೇಷವಾಗಿ ಮೊನೆಯಲ್ಲಿ, ನೀಲಿ ಛಾಯೆ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ಕೀಲಿಗೆ ಬರೋಣ. ಮಡಚಿದಾಗ ಅಲಗು ಗಾಡಿಯ ನಡುವೆ ಕೂರುತ್ತದೆಯೇ, ಒಂದು ಗೋಡೆಗೆ ಉಜ್ಜುತ್ತದೆಯೇ ನೋಡಿ. ಬಿಡಿಸಿ, ಲಾಕ್ ಹಾಕಿ, ಅಲಗಿನ ಮೊನೆಯ ಹತ್ತಿರ ಬೆನ್ನನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಕೂದಲೆಳೆಯಷ್ಟು ಆಟ ಇದ್ದರೆ ಈ ಬೆಲೆಗೆ ಕ್ಷಮಿಸಬಹುದು. ‘ಟಕಟಕ’ ಸದ್ದು ಬಂದರೆ ರಿವೆಟ್ ಸರಿಯಾಗಿ ಬಡಿದಿಲ್ಲ. ಮೇಲೆ-ಕೆಳಗೆ ಅಲುಗುವ ಆಟ ಮಾತ್ರ ಕ್ಷಮಿಸುವಂಥದ್ದಲ್ಲ, ಏಕೆಂದರೆ ಅದು ಲಾಕಿನ ದೋಷ, ಬೆರಳಿಗೆ ಬರುವ ಅಪಾಯ.

ಒಪಿನೆಲ್‌ನ ಲಾಕ್ ಎಂದರೆ ಆ ತಿರುಗುವ ಬಳೆ. ಇದು ಮೊದಲಿನಿಂದ ಇರಲಿಲ್ಲ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಇದನ್ನು ಸೇರಿಸಿದ, ಅವರು ಇದನ್ನು ವಿರೊಬ್ಲಾಕ್ ಎನ್ನುತ್ತಾರೆ. ಬಳೆಯಲ್ಲಿ ಒಂದು ಕಡೆ ಸಂದು ಇದೆ. ಸಂದು ಗಾಡಿಯ ನೇರಕ್ಕೆ ಬಂದಾಗ ಅಲಗು ತಿರುಗುತ್ತದೆ, ಬಳೆಯನ್ನು ತಿರುಗಿಸಿದರೆ ಅಲಗಿನ ಬುಡಕ್ಕೆ ಅಡ್ಡ ಬಂದು ಮಡಚದಂತೆ ತಡೆಯುತ್ತದೆ. 2000ದಿಂದ ಈಚಿನವುಗಳಲ್ಲಿ ಮಡಚಿಟ್ಟಾಗಲೂ ಲಾಕ್ ಮಾಡಬಹುದು, ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಚಿಕ್ಕ ನಂಬರುಗಳಿಗೆ ಬಳೆ ಇಲ್ಲ, ಆರನೇ ನಂಬರಿನಿಂದ ಮೇಲಕ್ಕೆ ಇದೆ. ಬಳೆ ಬೆರಳಿಗೆ ತಿರುಗಬೇಕು, ಆದರೆ ಚಾಕು ಕುಲುಕಿದರೆ ತಿರುಗಬಾರದು. ಕೊನೆಯವರೆಗೆ ತಿರುಗಿಸಿ ನೋಡಿ: ಅದು ಮುಂದೆ ಹೋದಂತೆ ಬಿಗಿಯಾಗುತ್ತಾ ಬರಬೇಕು. ತಿರುಗಿದಷ್ಟೂ ಸಡಿಲವಾಗೇ ಇದ್ದರೆ ಬೇರೆಯದನ್ನು ಕೇಳಿ.

ಈ ಚಾಕುವಿನ ನಿಜವಾದ ಕೊರತೆ ಮರದ್ದು. ಬೀಚ್ ಮರ ನೀರು ಕುಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿದುಕೊಳ್ಳುವಂತೆ ಇದರ ಗಾಡಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಕಿತ್ತರೂ ಬಿಡಿಸಲಾಗುವುದಿಲ್ಲ. ಅದರ ತವರಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಳೆಯ ಲಾಕ್ ಬಿಡಿಸಿ, ಮಡಚಿದ ಚಾಕುವಿನ ಹಿಡಿಯ ಬಾಲವನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟುವುದು. ಮೊನೆ ಗಾಡಿಯಿಂದ ಚೂರು ಮೇಲೇಳುತ್ತದೆ, ಅಲ್ಲಿ ಹಿಡಿದು ಬಿಡಿಸಿದರಾಯಿತು. ಫ್ರಾನ್ಸಿನಲ್ಲಿ ಇದಕ್ಕೆ ಸವೊವಾದವರ ಪೆಟ್ಟು ಎಂದೇ ಹೆಸರಿದೆ. ನಾನು ಮಾಡಿದ್ದು ಬೇರೆ: ಚಾಕುವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಗಾಡಿಯ ಒಳಗೋಡೆಗೆ ನಯ ಉಪ್ಪುಕಾಗದ ಎಳೆದು, ಅಗಸೆ ಎಣ್ಣೆ ಕುಡಿಸಿದೆ. ಈಗ ಮುಂಗಾರಿನಲ್ಲೂ ಹಿಡಿಯುವುದಿಲ್ಲ. ಆದರೆ ಹತ್ತು ಯೂರೋ ಚಾಕುವಿಗೆ ಇಷ್ಟು ಸೇವೆ ಮಾಡಲು ಎಲ್ಲರಿಗೂ ಪುರುಸೊತ್ತಿರುವುದಿಲ್ಲ ಎಂಬುದೂ ನಿಜ.

ಭಾಗಗಳನ್ನು ಇನ್ನೂ ಕಡಿಮೆ ಮಾಡಬಹುದೇ? ಜಪಾನಿನವರು ಮಾಡಿ ತೋರಿಸಿದ್ದಾರೆ. ಹ್ಯೋಗೊ ಪ್ರಾಂತ್ಯದ ಮಿಕಿ ಪಟ್ಟಣದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ತಯಾರಾಗುತ್ತಿರುವ ಹಿಗೊನೊಕಾಮಿ ಚಾಕುವಿನಲ್ಲಿ ಇರುವುದು ಒಂದು ಅಲಗು, ಮಡಚಿದ ಒಂದು ತಗಡಿನ ಹಿಡಿ, ಒಂದು ರಿವೆಟ್. ಲಾಕ್ ಇಲ್ಲ. ಅಲಗಿನ ಬುಡದಿಂದ ಒಂದು ಪುಟ್ಟ ಬಾಲ ಹೊರಗೆ ಚಾಚಿರುತ್ತದೆ, ಕತ್ತರಿಸುವಾಗ ಹೆಬ್ಬೆರಳು ಅದನ್ನು ಒತ್ತಿಕೊಂಡಿರುವುದರಿಂದ ಅಲಗು ಮಡಚಿಕೊಳ್ಳುವುದಿಲ್ಲ. ಶಾಲೆಯ ಮಕ್ಕಳೆಲ್ಲ ಪೆನ್ಸಿಲ್ ಚೂಪು ಮಾಡಲು ಇದನ್ನು ಇಟ್ಟುಕೊಳ್ಳುತ್ತಿದ್ದ ಕಾಲವಿತ್ತು. 1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನು ವೇದಿಕೆಯ ಮೇಲೆ ಹದಿನೇಳರ ಹುಡುಗನೊಬ್ಬ ಇರಿದು ಕೊಂದ ಮೇಲೆ ಮಕ್ಕಳ ಕೈಗೆ ಚಾಕು ಬೇಡ ಎಂಬ ಚಳವಳಿ ಎದ್ದಿತು. ಅವನು ಬಳಸಿದ್ದು ಸಣ್ಣ ಕತ್ತಿ, ಪೆನ್ಸಿಲ್ ಚಾಕು ಅಲ್ಲ. ಪೆಟ್ಟು ಬಿದ್ದದ್ದು ಪೆನ್ಸಿಲ್ ಚಾಕುವಿಗೆ. ಕಮ್ಮಾರರು ಒಬ್ಬೊಬ್ಬರಾಗಿ ಕೈಬಿಟ್ಟರು, ಈಗ ಆ ಹೆಸರಿನ ಹಕ್ಕಿನಿಂದ ತಯಾರಿಸುವುದು ನಾಗಾವೊ ಕಾನೆಕೊಮಾ ಎಂಬ ಒಂದೇ ಕಾರ್ಯಾಗಾರ.

ಇದನ್ನು ನೋಡುವ ಬಗೆ ಇನ್ನೂ ಸುಲಭ. ರಿವೆಟ್ಟಿನ ಬಿಗಿ ಒಂದೇ ಇದರ ಪ್ರಾಣ. ಅಲಗು ಅರ್ಧ ಬಿಡಿಸಿದಾಗ ಅಲ್ಲೇ ನಿಲ್ಲಬೇಕು, ತಲೆಕೆಳಗು ಮಾಡಿದರೆ ಜಾರಬಾರದು. ಸಡಿಲವಾದರೆ ಕಬ್ಬಿಣದ ಮೇಲಿಟ್ಟು ರಿವೆಟ್ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು. ದುಬಾರಿ ಮಾದರಿಯಲ್ಲಿ ಗಟ್ಟಿ ಉಕ್ಕಿನ ಪದರವನ್ನು ಎರಡು ಮೆತ್ತನೆಯ ಕಬ್ಬಿಣದ ಪದರಗಳ ನಡುವೆ ಬೆಸೆದಿರುತ್ತಾರೆ. ಬಾಯಿಯಿಂದ ಸ್ವಲ್ಪ ಮೇಲೆ ಆ ಬೆಸುಗೆಯ ಗೆರೆ ಅಂಕುಡೊಂಕಾಗಿ ಕಾಣುತ್ತದೆ. ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿದ್ದರೆ ಅದು ಅಲಂಕಾರಕ್ಕೆ ಕೊರೆದದ್ದೋ ಎಂದು ಅನುಮಾನಿಸಿ.

ನಮ್ಮ ಸಂತೆಗಳಲ್ಲಿ ಸಿಗುವುದು ಹೆಚ್ಚಾಗಿ ಬೆನ್ನಿಗೆ ಸ್ಪ್ರಿಂಗ್ ಇರುವ ಮಡಚುವ ಚಾಕು. ಅದಕ್ಕೆ ಎರಡೇ ಮಾತು. ಬಿಡಿಸಿದಾಗ ಸ್ಪ್ರಿಂಗ್ ‘ಟಕ್’ ಎಂದು ಗಟ್ಟಿಯಾಗಿ ಕೂರಬೇಕು. ಮಡಚಿದಾಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿಯಬಾರದು – ಬಡಿದರೆ ಪ್ರತಿ ಸಲ ಮಡಚಿದಾಗಲೂ ಅದೇ ಜಾಗದಲ್ಲಿ ಬಾಯಿ ಚಪ್ಪಟೆಯಾಗುತ್ತದೆ. ಹೆಸರಿಗೂ ಮರುಳಾಗಬೇಡಿ. ಫ್ರಾನ್ಸಿನದ್ದೇ ಲಾಯೋಲ್ ಚಾಕುವಿನ ಬೆನ್ನ ಮೇಲೆ ಜೇನುನೊಣದ ಗುರುತಿರುತ್ತದೆ; ಅದು ಒಂದು ಶೈಲಿಯ ಹೆಸರಾಗಿ ಹರಡಿಹೋಗಿ, ಯಾವ ದೇಶದಲ್ಲಿ ಯಾರು ಮಾಡಿದ್ದಕ್ಕೂ ಅಂಟಿಕೊಂಡಿದೆ. ನೊಣ ಇದ್ದ ಮಾತ್ರಕ್ಕೆ ಉಕ್ಕು ಒಳ್ಳೆಯದಾಗುವುದಿಲ್ಲ. ಒಪಿನೆಲ್ ಅಲಗಿನ ಮೇಲೆ 1909ರಿಂದ ಕಿರೀಟ ತೊಟ್ಟ ಹಸ್ತದ ಮುದ್ರೆ ಇದೆ. ಅದನ್ನೂ ನೋಡಿ, ಆದರೆ ಬಳೆ ತಿರುಗಿಸಿ ನೋಡಿದ ಮೇಲೆ.

ಕಾರ್ಬನ್ನೋ ಸ್ಟೇನ್‌ಲೆಸ್ಸೋ ಎಂಬುದಕ್ಕೆ ನಮ್ಮ ಅಡುಗೆಮನೆಯೇ ಉತ್ತರ ಹೇಳುತ್ತದೆ. ಕಾರ್ಬನ್ ಅಲಗಿನಿಂದ ಮಾವಿನಕಾಯಿ ಹೆಚ್ಚಿದರೆ ಐದು ನಿಮಿಷದಲ್ಲಿ ಅಲಗು ಕಪ್ಪು, ಹೋಳಿಗೂ ಕಬ್ಬಿಣದ ವಾಸನೆ. ನಿಂಬೆ, ಹುಣಸೆ ತಾಗಿದರೂ ಅದೇ ಕತೆ. ಕ್ರಮೇಣ ಅಲಗಿನ ಮೇಲೆ ಬೂದುನೀಲಿ ಪೊರೆ ಕಟ್ಟಿಕೊಂಡು ಈ ಕಾಟ ಕಡಿಮೆಯಾಗುತ್ತದೆ. ಆ ಬಣ್ಣ ತುಕ್ಕಲ್ಲ, ಉಜ್ಜಿ ತೆಗೆಯಬೇಡಿ. ಕೆಂಪಗೆ ಕಂಡದ್ದು ಮಾತ್ರ ತುಕ್ಕು. ಕರಾವಳಿಯವರಿಗೆ, ಮಲೆನಾಡಿನವರಿಗೆ ನಾನು ಸ್ಟೇನ್‌ಲೆಸ್ ಎನ್ನುತ್ತೇನೆ. ಬಯಲುಸೀಮೆಯವರು, ಕತ್ತರಿಸಿದ ಕೂಡಲೇ ಒರೆಸಿಡುವ ಅಭ್ಯಾಸವಿರುವವರು ಕಾರ್ಬನ್ ತಗೊಳ್ಳಿ. ಸಾಣೆ ಹಿಡಿಯುವ ಸುಖ ಅದರಲ್ಲೇ ಹೆಚ್ಚು. ಹಲಸು ಬಿಡಿಸುವುದಾದರೆ ಯಾವುದೇ ಇರಲಿ, ಮೊದಲು ಅಲಗಿಗೂ ಕೀಲಿಗೂ ಕೊಬ್ಬರಿ ಎಣ್ಣೆ ಹಚ್ಚಿ, ಮೇಣ ಗಾಡಿಯೊಳಗೆ ಇಳಿದರೆ ಬಿಡಿಸುವುದು ಹರಸಾಹಸ. ಒಣ ಅಡಿಕೆಗೆ ಮಾತ್ರ ಈ ತೆಳು ಅಲಗು ತಾಗಿಸಬೇಡಿ. ಚಕ್ಕೆ ಏಳುವುದು ಅಡಿಕೆಯಲ್ಲ, ಚಾಕು. ಅದಕ್ಕೆ ಅಡಕತ್ತರಿ ಇದೆ.

ಕಾನೂನಿನ ಮಾತು ಒಂದಿಷ್ಟು. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ, ಮನೆಬಳಕೆ ಮತ್ತು ಬೇಸಾಯದ ಸಾಧನಗಳನ್ನು ಬಿಟ್ಟು. ನಂಬರ್ 8 ಮೂರೂವರೆ ಇಂಚೂ ಇಲ್ಲ. ಇಂಗ್ಲೆಂಡಿನಲ್ಲಿರುವ ಮಕ್ಕಳಿಗೆ ಉಡುಗೊರೆ ಕೊಡುವವರು ಗಮನಿಸಿ: ಅಲ್ಲಿ ಸಕಾರಣವಿಲ್ಲದೆ ಸಾರ್ವಜನಿಕವಾಗಿ ಇಟ್ಟುಕೊಳ್ಳಬಹುದಾದ್ದು ಲಾಕ್ ಇಲ್ಲದ, ಮೂರು ಇಂಚಿಗಿಂತ ಚಿಕ್ಕ ಮಡಚುವ ಚಾಕು ಮಾತ್ರ. ಬಳೆಯ ಲಾಕ್ ಇರುವ ಒಪಿನೆಲ್ ಅದಕ್ಕೆ ಸೇರುವುದಿಲ್ಲ, ಮನೆಯಲ್ಲೇ ಇರಲಿ. ಜಪಾನಿನಲ್ಲಿ ಸಾಮಾನ್ಯವಾಗಿ ಆರು ಸೆಂಟಿಮೀಟರ್ ದಾಟಿದ ಅಲಗನ್ನು ಕಾರಣವಿಲ್ಲದೆ ಹೊತ್ತು ತಿರುಗುವಂತಿಲ್ಲ.

ಯಾರಾದರೂ ಕೇಳಿದರೆ ನಾನು ಹೇಳುವುದು ನಂಬರ್ 8, ಮರದ ಹಿಡಿ, ಅಲಂಕಾರವಿಲ್ಲದ್ದು. ಆಲಿವ್ ಮರ, ಕೊಂಬಿನ ಹಿಡಿ ಎಂದು ಮೂರು ಪಟ್ಟು ಬೆಲೆಯವೂ ಇವೆ. ಹಿಡಿ ಬದಲಾಗುತ್ತದೆಯೇ ಹೊರತು ಕತ್ತರಿಸುವ ಗುಣ ಬದಲಾಗುವುದಿಲ್ಲ. ಉಳಿದ ದುಡ್ಡಿಗೆ ಎರಡು ಮುಖದ ಒಂದು ಒಳ್ಳೆಯ ಸಾಣೆ ಕಲ್ಲು ಕೊಳ್ಳಿ. ವಿದೇಶದಿಂದ ಬರುವ ಮಕ್ಕಳಿಗೆ ತರಲು ಹೇಳುವುದಾದರೆ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಲು ಮರೆಯದೆ ಹೇಳಿ. ಕೈಚೀಲದಲ್ಲಿ ಸಿಕ್ಕಿದ ಚಾಕುವನ್ನು ವಿಮಾನ ನಿಲ್ದಾಣದ ತಪಾಸಣೆಯವರು ಒಳಗೆ ಬಿಡುವುದಿಲ್ಲ.